ದೋಣಿ ಟ್ರೈಲರಿನ ಸಸ್ಪೆನ್ಷನ್: ಕಾರವಾರ–ಅಂಕೋಲಾ ಕರಾವಳಿಯಲ್ಲಿ ಸಡಿಲಿಕೆ, ತಪಾಸಣೆ, ದುರಸ್ತಿ

ದೋಣಿ ಟ್ರೈಲರ್ ಎಂದರೆ ದೋಣಿಯನ್ನು ರಸ್ತೆಯಲ್ಲಿ ಹೊತ್ತು ತಂದು, ದಡದ ಇಳಿಜಾರಿನಲ್ಲಿ ಹಿಮ್ಮುಖವಾಗಿ ಇಳಿದು, ದೋಣಿ ತೇಲುವಷ್ಟು ಆಳಕ್ಕೆ ತಾನೂ ನೀರಿಗಿಳಿಯುವ ಎಳೆಬಂಡಿ. 1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯ ಪ್ರಕಾರ ಮೋಟಾರು ವಾಹನ ಎಳೆಯುವ ಬಂಡಿಗಳೆಲ್ಲ, ಸೆಮಿ-ಟ್ರೈಲರ್ ಮತ್ತು ಸೈಡ್‌ಕಾರ್ ಬಿಟ್ಟರೆ, ಟ್ರೈಲರ್‌ಗಳೇ. ಕಾನೂನಿಗೆ ಜಲ್ಲಿ ಸಾಗಿಸುವ ಟ್ರ್ಯಾಲಿಯೂ ದೋಣಿ ಹೊರುವ ಟ್ರೈಲರೂ ಒಂದೇ ಜಾತಿ. ಕಬ್ಬಿಣಕ್ಕೆ ಮಾತ್ರ ಹಾಗಲ್ಲ. ಜಲ್ಲಿಯ ಟ್ರ್ಯಾಲಿ ಮಳೆಯಲ್ಲಿ ನೆನೆಯಬಹುದು, ಕೆಸರಿನಲ್ಲಿ ಹೂತುಹೋಗಬಹುದು. ದೋಣಿಯ ಟ್ರೈಲರ್ ತನ್ನ ಗಾಲಿ, ಆಕ್ಸಲ್, ಕಮಾನು ಪಾಟಾಗಳ ಸಮೇತ ಉಪ್ಪುನೀರಿನಲ್ಲಿ ಮುಳುಗುವುದಕ್ಕಾಗಿಯೇ ಹುಟ್ಟಿದ್ದು. ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಕರಾವಳಿಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಇಲ್ಲಿ ಟ್ರೈಲರಿನ ಸಸ್ಪೆನ್ಷನ್ ಎಷ್ಟು ಸಡಿಲಾಗಿದೆ ಎಂಬುದನ್ನು ಓಡಿದ ಕಿಲೋಮೀಟರಿನಿಂದ ಅಳೆಯಲಾಗದು. ಎಷ್ಟು ಸಲ ನೀರಿಗಿಳಿಯಿತು, ಎಷ್ಟು ದಿನ ನಿಂತಲ್ಲೇ ನಿಂತಿತು ಎಂಬುದರಿಂದಲೇ ಅಳೆಯಬೇಕು. ಹಾಗಾಗಿ ತಪಾಸಣೆಯ ಕಾಲವನ್ನಾಗಲಿ ದುರಸ್ತಿಯ ಕ್ರಮವನ್ನಾಗಲಿ ಲಾರಿ ಗ್ಯಾರೇಜಿನಿಂದ ಹಾಗೆಯೇ ಎರವಲು ತಂದರೆ ಕೆಲಸ ಕೆಡುತ್ತದೆ.

ಈ ಕರಾವಳಿಯಲ್ಲಿ ದೋಣಿಯನ್ನು ನೆಲಕ್ಕೆ ತರುವ ಕೆಲಸಕ್ಕೆ ಚಕ್ರ ಬಂದದ್ದು ತಡವಾಗಿ. ಹರವಾಡ, ಕೇಣಿ, ಬೇಲೇಕೇರಿ, ಮಂಜಗುಣಿಯ ದಡಗಳಲ್ಲಿ ಪಾತಿ ದೋಣಿಗಳನ್ನು ಮರದ ದಿಂಡುಗಳ ಮೇಲೆ ಉರುಳಿಸಿ, ಹತ್ತಾರು ಹೆಗಲು ಕೊಟ್ಟು ಮೇಲಕ್ಕೆ ಎಳೆಯುವುದು ರೂಢಿ; ಮಳೆಗಾಲಕ್ಕೆ ಅವುಗಳ ಮೇಲೆ ಮಡಲಿನ ಹೊದಿಕೆ ಬೀಳುತ್ತದೆ. ಇನ್ನೊಂದು ತುದಿಯಲ್ಲಿ, 2005ರಲ್ಲಿ ಕಾರ್ಯಾರಂಭ ಮಾಡಿದ ಕದಂಬ ನೌಕಾನೆಲೆಯಲ್ಲಿ, 10,000 ಟನ್ ಸಾಮರ್ಥ್ಯದ ಶಿಪ್‌ಲಿಫ್ಟ್ ಯುದ್ಧನೌಕೆಯನ್ನೇ ನೀರಿನಿಂದ ಎತ್ತಿ ಹಳಿಯ ಮೇಲಿನ ಗಾಲಿಗಳಿಗೆ ಒಪ್ಪಿಸುತ್ತದೆ. ಈ ಎರಡೂ ಕಡೆ ಸಸ್ಪೆನ್ಷನ್ನಿನ ಪ್ರಶ್ನೆಯೇ ಏಳದು. ದಿಂಡಿಗೆ ಸ್ಪ್ರಿಂಗ್ ಬೇಡ. ನಯವಾದ ಹಳಿಯ ಮೇಲೆ ನಿಧಾನವಾಗಿ ಜರುಗುವ ಗಾಲಿಗೆ ಹೊಂಡದ ಭಯವಿಲ್ಲ. ನಡುವಿನ ದೋಣಿಗಳಿಗೇ ಟ್ರೈಲರ್ ಬೇಕಾಗಿರುವುದು: ಫೈಬರ್ ದೋಣಿಗಳು, ಟಾಗೋರ್ ಕಡಲತೀರ ಮತ್ತು ದೇವಬಾಗದ ಕಡೆಯ ಜಲಕ್ರೀಡೆಯ ಸ್ಪೀಡ್‌ಬೋಟುಗಳು, ರಕ್ಷಣಾ ದೋಣಿಗಳು. ಇವು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಾಗುತ್ತವೆ, ಹೆದ್ದಾರಿಯಿಂದ ದಡಕ್ಕೆ ಇಳಿಯುವ ಕಿರುರಸ್ತೆಯ ಉಬ್ಬುತಗ್ಗು ದಾಟುತ್ತವೆ, ಕೊನೆಗೆ ಮರಳಿನಲ್ಲಿ ಅಥವಾ ಕಲ್ಲಿನ ಇಳಿಜಾರಿನಲ್ಲಿ ನೀರಿಗಿಳಿಯುತ್ತವೆ. ಹುಬ್ಬಳ್ಳಿ ಕಡೆಯಿಂದ ಬರುವ ದೋಣಿಯಾದರೆ ಅಂಕೋಲೆಗೆ ಮುಟ್ಟುವ ಮೊದಲು ಹೆದ್ದಾರಿ 52ರ ಅರಬೈಲು ಘಟ್ಟದ ತಿರುವುಗಳನ್ನೂ ಇಳಿಯಬೇಕು.

ಸಣ್ಣ ಟ್ರೈಲರಿನ ಸಸ್ಪೆನ್ಷನ್ನಿನಲ್ಲಿ ಭಾಗಗಳು ಹೆಚ್ಚಿಲ್ಲ. ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು ಕಮಾನು ಪಾಟಾ. ಅದರ ನಡುವೆ ತೂರಿದ ಸೆಂಟರ್ ಬೋಲ್ಟ್ ಪಟ್ಟಿಗಳನ್ನು ಒಟ್ಟಿಗೆ ಹಿಡಿಯುತ್ತದೆ, ಅದರ ತಲೆ ಆಕ್ಸಲ್ ಮೇಲಿನ ಕುಳಿಯಲ್ಲಿ ಕೂತು ಜಾಗ ತಪ್ಪದಂತೆ ನೋಡುತ್ತದೆ. ಪಾಟಾವನ್ನೂ ಆಕ್ಸಲನ್ನೂ ಒಂದೇ ಮೈ ಆಗುವಂತೆ ಬಿಗಿಯುವುದು ಎರಡು ಯೂ-ಬೋಲ್ಟ್‌ಗಳು ಮತ್ತು ಅವುಗಳ ಕೆಳಗಿನ ದಪ್ಪ ಪ್ಲೇಟ್. ಪಾಟಾದ ಮುಂದಿನ ಕಣ್ಣು ಚಾಸಿಗೆ ಬೆಸೆದ ಹ್ಯಾಂಗರಿನಲ್ಲಿ ಬೋಲ್ಟಿನ ಸುತ್ತ ತಿರುಗುತ್ತದೆ. ಹಿಂದಿನ ಕಣ್ಣು ಶೇಕಲ್ ಎಂಬ ಜೋಡಿ ಪಟ್ಟಿಯಿಂದ ತೂಗುತ್ತದೆ, ಏಕೆಂದರೆ ಭಾರ ಬಿದ್ದಾಗ ಬಿಲ್ಲು ಚಪ್ಪಟೆಯಾಗಿ ಉದ್ದವಾಗುತ್ತದೆ, ಆ ಉದ್ದಕ್ಕೆ ಎಡೆ ಬೇಕು. ಕಣ್ಣುಗಳೊಳಗೆ ನೈಲಾನ್, ರಬ್ಬರ್ ಅಥವಾ ಕಂಚಿನ ಬುಶ್. ಜೋಡಿ ಆಕ್ಸಲ್ಲಿನ ಟ್ರೈಲರ್ ಆದರೆ ಎರಡು ಪಾಟಾಗಳ ನಡುವೆ ತಕ್ಕಡಿಯ ದಂಡದಂತೆ ತೂಗುವ ಈಕ್ವಲೈಸರ್ ಇರುತ್ತದೆ. ಇಷ್ಟರಲ್ಲಿ ಒಂದು ಭೇದವನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು; ದುರಸ್ತಿಯ ತಪ್ಪುಗಳಲ್ಲಿ ದೊಡ್ಡ ಪಾಲು ಇದನ್ನು ಮರೆತದ್ದರಿಂದ ಬಂದದ್ದು. ಯೂ-ಬೋಲ್ಟಿನ ಕೂಟ ಕೂದಲೆಳೆಯಷ್ಟೂ ಅಲುಗಬಾರದು. ಶೇಕಲ್ ಮತ್ತು ಕಣ್ಣಿನ ಕೂಟ ತೂಗಲೇಬೇಕು. ಸಡಿಲವಾಗಿದೆ ಎಂದು ಎರಡನ್ನೂ ಒಂದೇ ಪಾನಾದಿಂದ ಒಂದೇ ಬಲದಲ್ಲಿ ಬಿಗಿದರೆ ಮೊದಲನೆಯದು ಉಳಿಯಬಹುದು, ಎರಡನೆಯದು ಸಾಯುತ್ತದೆ: ಶೇಕಲ್ ಕಚ್ಚಿಕೊಂಡು ಪಾಟಾ ಉದ್ದವಾಗಲು ದಾರಿ ಸಿಗದೆ ಹೊಂಡದ ಪೆಟ್ಟೆಲ್ಲ ಹ್ಯಾಂಗರಿನ ಬೆಸುಗೆಗೆ ಹೋಗುತ್ತದೆ.

ಬೋಲ್ಟ್ ಬಿಗಿಯಾಗಿದೆ ಎಂದರೆ ಏನು ಎಂಬುದನ್ನು ಇಲ್ಲಿ ಬಿಡಿಸಿ ನೋಡಬೇಕು. ನಟ್ಟನ್ನು ತಿರುಗಿಸಿದಂತೆ ಬೋಲ್ಟಿನ ಕಾಲು ರಬ್ಬರಿನಂತೆ, ಆದರೆ ತೀರ ಸ್ವಲ್ಪ, ಹಿಗ್ಗುತ್ತದೆ. ಹಿಗ್ಗಿದ ಉಕ್ಕು ಹಿಂದಕ್ಕೆ ಕುಗ್ಗಲು ಎಳೆಯುವ ಬಲವೇ ಕೂಟವನ್ನು ಹಿಡಿದಿಟ್ಟಿರುವುದು. ನೂರು ಮಿಲಿಮೀಟರ್ ಉದ್ದದ ಉಕ್ಕಿನ ಕಾಲಿಗೆ 400 ಮೆಗಾಪಾಸ್ಕಲ್ ಎಳೆತ ಕೊಟ್ಟರೆ ಅದು ಹಿಗ್ಗುವುದು 0.2 ಮಿಲಿಮೀಟರ್ ಮಾತ್ರ. ಬಿಗಿತದ ಬಂಡವಾಳವೆಲ್ಲ ಈ ಕಾಲು ಮಿಲಿಮೀಟರಿಗೂ ಕಡಿಮೆ ಹಿಗ್ಗಿನಲ್ಲಿದೆ. ಯೂ-ಬೋಲ್ಟಿನ ಹಿಡಿತದೊಳಗೆ ಆಕ್ಸಲಿನ ಮೈ, ಪಾಟಾದ ಮೂರು ನಾಲ್ಕು ಪಟ್ಟಿ, ಕೆಳಗಿನ ಪ್ಲೇಟ್, ವಾಷರ್ ಸೇರಿ ಐದಾರು ಮುಖಗಳು ಒಂದಕ್ಕೊಂದು ತಾಗಿರುತ್ತವೆ. ಪ್ರತಿ ಮುಖದ ನಡುವೆ ಒಂದು ಪದರು ಬಣ್ಣವೋ ತುಕ್ಕಿನ ಹುಡಿಯೋ ಸಿಕ್ಕಿಕೊಂಡಿದ್ದು, ದಾರಿಯ ಕುಲುಕಾಟಕ್ಕೆ ತಲಾ 0.04 ಮಿಲಿಮೀಟರಿನಷ್ಟು ನುಗ್ಗಾಗಿ ಕೂತರೆ ಸಾಕು, ಹಿಗ್ಗು ಪೂರ್ತಿ ಕರಗಿತು. ನಟ್ ಇದ್ದಲ್ಲೇ ಇದೆ, ಒಂದು ಎಳೆಯೂ ತಿರುಗಿಲ್ಲ. ಕೂಟ ಮಾತ್ರ ಸಡಿಲ. ಸಡಿಲಿಕೆ ಅಂದೊಡನೆ ನಟ್ ಬಿಚ್ಚಿಕೊಳ್ಳುವುದು ಎಂದುಕೊಳ್ಳುವ ಸಾಮಾನ್ಯ ತಿಳಿವಳಿಕೆ ಇಲ್ಲಿ ಸೋಲುತ್ತದೆ.

ಆಮೇಲೆ ನಟ್ ತಿರುಗುವ ಕಾಲವೂ ಬರುತ್ತದೆ. ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿದ್ದು ಇದನ್ನೇ: ಬೋಲ್ಟಿನ ಉದ್ದಕ್ಕೆ ಬೀಳುವ ಪೆಟ್ಟಿಗಿಂತ ಅಡ್ಡಡ್ಡ ಜಾರಾಟವೇ ನಟ್ಟನ್ನು ತಾನಾಗಿ ಬಿಚ್ಚುತ್ತದೆ. ಕೂಟದ ಮುಖಗಳು ಜಾರದಷ್ಟು ಒತ್ತಿಕೊಂಡಿರುವವರೆಗೆ ನಟ್ ಕದಲದು. ಒತ್ತು ಇಳಿದು ಜಾರಾಟ ಸುರುವಾದರೆ ಎಳೆಗಳ ನಡುವಿನ ಘರ್ಷಣೆ ಗೆದ್ದಂತೆ ಕಂಡರೂ ಪ್ರತಿ ಓಲಾಟಕ್ಕೆ ಚೂರುಚೂರೇ ಸೋಲುತ್ತ ಹೋಗುತ್ತದೆ. ನಟ್ಟಿನ ಕೆಳಗೆ ಸ್ಪ್ರಿಂಗ್ ವಾಷರ್ ಹಾಕಿದರೆ ಆಯಿತು ಎಂಬ ನಂಬಿಕೆ ಗ್ಯಾರೇಜುಗಳಲ್ಲಿ ಗಟ್ಟಿಯಾಗಿದೆ. ಅಮೆರಿಕದ ನಾಸಾ 1990ರಲ್ಲಿ ಹೊರತಂದ ಬೋಲ್ಟ್ ವಿನ್ಯಾಸದ ಕೈಪಿಡಿ ಅದನ್ನು ಒಪ್ಪುವುದಿಲ್ಲ: ಪೂರ್ತಿ ಬಿಗಿಯುವ ಹೊತ್ತಿಗೆ ಆ ವಾಷರ್ ಚಪ್ಪಟೆಯಾಗಿರುತ್ತದೆ, ಆಮೇಲೆ ಅದಕ್ಕೂ ಸಾದಾ ವಾಷರಿಗೂ ಭೇದವಿಲ್ಲ. ಬಂಡಿಯ ಅಚ್ಚಿನ ತುದಿಯಲ್ಲಿ ಕಡಾಣಿ ತೂರುತ್ತಿದ್ದ ನಮ್ಮ ಬಡಿಗರಿಗೆ ಈ ವಿಷಯದಲ್ಲಿ ಹೆಚ್ಚಿನ ವಿವೇಕವಿತ್ತು ಎನ್ನಬೇಕು. ಕಡಾಣಿ ಘರ್ಷಣೆಯನ್ನು ನೆಚ್ಚುವುದಿಲ್ಲ, ಅಡ್ಡವಾಗಿ ನಿಂತು ಚಕ್ರವನ್ನು ತಡೆಯುತ್ತದೆ. ತೂಗುವ ಕೂಟಗಳಿಗೆ, ಅಂದರೆ ಶೇಕಲ್ ಬೋಲ್ಟಿಗೆ, ಇಂದಿಗೂ ಇದೇ ತತ್ವ ಸರಿ: ನಟ್ಟಿನ ಸೀಳಿನಲ್ಲಿ ತೂರಿದ ಕಾಟರ್ ಪಿನ್; ಇಲ್ಲವೇ, ಘರ್ಷಣೆಯನ್ನೇ ನೆಚ್ಚಿದ್ದಾದರೂ, ನೈಲಾನ್ ಉಂಗುರದ ಲಾಕ್ ನಟ್.

ಈಗ ಉಪ್ಪಿನ ಮಾತು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಹದಿನೈದು ಲೀಟರಿನ ಒಂದು ಕೊಡದಲ್ಲಿ ಅರ್ಧ ಕಿಲೋ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಊರು ಅಂಕೋಲಾ, ಗಂಗಾವಳಿ ಹೊಳೆ ದಾಟಿದರೆ ಸಾಣಿಕಟ್ಟೆಯ ಉಪ್ಪಿನಾಗರ. ಇಲ್ಲಿಯ ನೀರು ಬಿಸಿಲಿಗೆ ಆರಿದರೆ ಏನು ಉಳಿಯುತ್ತದೆ ಎಂದು ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನೀರಿನಿಂದ ಎದ್ದ ಟ್ರೈಲರಿನ ಮೈಮೇಲಿನ ನೀರು ಹರಿದುಹೋಗುತ್ತದೆ, ಪಾಟಾದ ಪಟ್ಟಿಗಳ ನಡುವೆ ಹೀರಿಕೊಂಡ ನೀರು ಹೋಗದು. ಅದು ಒಣಗಿ ಉಪ್ಪು ಉಳಿಯುತ್ತದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಮತ್ತೆ ಒದ್ದೆಯಾಗುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಈ ಊರುಗಳಲ್ಲಿ ಗಾಳಿ ಒಣಗುವುದೇ ಅಪರೂಪ, ಹಾಗಾಗಿ ಒಳಗಿನ ತುಕ್ಕಿಗೆ ಬಿಡುವೂ ಇಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಪಟ್ಟಿಗಳ ನಡುವೆ ಉಬ್ಬಿದ ತುಕ್ಕು ಅವುಗಳನ್ನು ಒಂದರಿಂದೊಂದು ದೂರ ತಳ್ಳುತ್ತದೆ, ಯೂ-ಬೋಲ್ಟನ್ನು ಅಳತೆ ಮೀರಿ ಹಿಗ್ಗಿಸುತ್ತದೆ. ಮರುದಿನ ಟ್ರೈಲರ್ ಓಡಿದಾಗ ಅದೇ ತುಕ್ಕು ಹುಡಿಯಾಗಿ ಉದುರುತ್ತದೆ. ಹಿಗ್ಗಿ ಸೋತ ಬೋಲ್ಟ್ ಮತ್ತೆ ಕುಗ್ಗದೆ ಜೋಲುತ್ತದೆ. ಉಪ್ಪು ಲೋಹವನ್ನು ತಿನ್ನುವುದು ಎಲ್ಲರಿಗೂ ಕಾಣುವ ನಷ್ಟ. ಕೂಟದ ನಡುವೆ ಉಬ್ಬಿ, ಹುಡಿಯಾಗಿ, ಬಿಗಿತವನ್ನೇ ಕದಿಯುವುದು ಕಾಣದ ನಷ್ಟ, ಮತ್ತು ನನ್ನ ಎಣಿಕೆಯಲ್ಲಿ ಹೆಚ್ಚು ಕೇಡಿನದು.

ಇದಕ್ಕೆ ಎದುರು ಬರುವ ಮೊದಲ ಆಕ್ಷೇಪ ಬಲವಾದದ್ದೇ. ಇದೇ ಕಡಲ ಗಾಳಿಯಲ್ಲಿ ಮೀನಿನ ಲಾರಿಗಳು ಓಡುತ್ತವೆ, ಒಂದು ಕಾಲದಲ್ಲಿ ಬೇಲೇಕೇರಿ ಬಂದರಿಗೆ ಅದಿರು ಹೊತ್ತ ಲಾರಿಗಳ ಸಾಲೇ ಇತ್ತು. ಅವಕ್ಕೂ ಇದೇ ಕಮಾನು ಪಾಟಾ, ಇದೇ ಯೂ-ಬೋಲ್ಟ್. ಅಷ್ಟು ಭಾರದ ಲಾರಿ ಆಗೀಗ ಪಾನಾ ಹಾಕಿಸಿಕೊಂಡು ವರ್ಷಗಟ್ಟಲೆ ಓಡುವಾಗ, ತಿಂಗಳಿಗೆ ನಾಲ್ಕು ಸಲ ಕಾರವಾರದ ಬೈತಖೋಲದಿಂದ ದಡಕ್ಕೆ ಹೋಗಿಬರುವ ಟ್ರೈಲರಿಗೆ ಇಷ್ಟು ಉಪಚಾರ ಏಕೆ? ಉತ್ತರ ಲಾರಿಯ ದಿನಚರಿಯಲ್ಲೇ ಇದೆ. ಲಾರಿ ನೀರಿನಲ್ಲಿ ಮುಳುಗುವುದಿಲ್ಲ. ದಿನಾ ಓಡುವುದರಿಂದ ಪಟ್ಟಿಗಳು ಒಂದನ್ನೊಂದು ಉಜ್ಜುತ್ತ ತುಕ್ಕನ್ನು ಕೂರಲು ಬಿಡುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಲಾರಿಯ ಸಸ್ಪೆನ್ಷನ್ ಮೇಲೆ ಒಬ್ಬ ಚಾಲಕ ಕೂತಿರುತ್ತಾನೆ. ಪಾಟಾ ಸದ್ದು ಮಾಡಿದರೆ ಅವನ ಕಿವಿಗೆ ಬೀಳುತ್ತದೆ, ಬುಶ್ ಸವೆದರೆ ಸ್ಟಿಯರಿಂಗ್ ಹಿಡಿದ ಕೈಗೆ ಗೊತ್ತಾಗುತ್ತದೆ. ಟ್ರೈಲರಿನಲ್ಲಿ ಯಾರೂ ಇಲ್ಲ. ಅದರ ಕಿರುಗುಟ್ಟುವಿಕೆ ಎಳೆಯುವ ಜೀಪಿನ ಎಂಜಿನ್ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಓಡಾಟ ಕಡಿಮೆ ಎನ್ನುವುದು ಟ್ರೈಲರಿನ ಪರವಾದ ಸಾಕ್ಷಿಯಾಗಿ ಬರುತ್ತದೆ, ಆದರೆ ಅದನ್ನು ಕೇಡಿನ ಕಾರಣಗಳ ಸಾಲಿಗೆ ಸೇರಿಸಬೇಕು. ಹೊಸದಾಗಿ ಬಿಗಿದ ಯೂ-ಬೋಲ್ಟನ್ನು ಮೊದಲ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಮತ್ತೊಮ್ಮೆ ಬಿಗಿಯಬೇಕೆಂಬುದು ಎಲ್ಲೆಡೆಯ ನಿಯಮ. ಕಾರವಾರದಿಂದ ಅಂಕೋಲೆಗೆ ಮೂವತ್ತೈದು ಕಿಲೋಮೀಟರಿನೊಳಗೆ. ಊರೊಳಗೇ ಓಡಾಡುವ ಟ್ರೈಲರಿಗೆ ಆ ನೂರು ಕಿಲೋಮೀಟರ್ ತುಂಬುವಷ್ಟರಲ್ಲಿ ಒಂದು ಮಳೆಗಾಲ ಕಳೆದಿರುತ್ತದೆ, ಎರಡನೆಯ ಬಿಗಿತ ಯಾರ ನೆನಪಿನಲ್ಲೂ ಇರುವುದಿಲ್ಲ.

ತಪಾಸಣೆ ಕಣ್ಣಿನಿಂದ ಸುರುವಾಗಬೇಕು, ಪಾನಾದಿಂದಲ್ಲ. ಪಾನಾ ಹಾಕಿದ ಕ್ಷಣ ಸಾಕ್ಷಿ ಅಳಿಯುತ್ತದೆ. ಟ್ರೈಲರನ್ನು ತೊಳೆಯುವ ಮೊದಲೇ, ಒಣಗಿದ್ದಾಗ, ಪ್ಲೇಟ್ ಮತ್ತು ಪಾಟಾ ಸೇರುವ ಅಂಚನ್ನು ಹಗಲು ಬೆಳಕಿನಲ್ಲಿ ಹತ್ತಿರದಿಂದ ನೋಡಿದರೆ ಮೂರು ಬಗೆಯ ಬಣ್ಣ ಕಾಣಬಹುದು. ಒರಟಾದ, ಗಟ್ಟಿಯಾಗಿ ಕಚ್ಚಿಕೊಂಡ ಕಂದು ಹೊಪ್ಪಳಿಕೆ ಹಳೆಯ ತುಕ್ಕು, ಕೂಟ ಅಲುಗಿಲ್ಲ. ಬೆರಳಿಗೆ ಅರಿಸಿನದಂತೆ ಹತ್ತುವ ನುಣುಪಾದ ಕೆಂಪು ಹುಡಿ ಅಂಚಿನಿಂದ ಹೊರಚೆಲ್ಲಿದ್ದರೆ ಒಳಗೆ ಲೋಹ ಲೋಹವನ್ನು ಅರೆಯುತ್ತಿದೆ. ಕೂಟ ಸಡಿಲ, ನಟ್ ಎಷ್ಟೇ ಗಟ್ಟಿಯಾಗಿ ಕೂತಂತೆ ತೋರಲಿ. ಅದರ ಪಕ್ಕದಲ್ಲೇ ಬೆಳ್ಳಿಯಂತೆ ಹೊಳೆವ ಚಂದ್ರಾಕಾರದ ಗೀರು ಕಂಡರೆ ಜಾರಾಟ ಹಳೆಯದಲ್ಲ, ಹೋದ ಪಯಣದ್ದು. ಹೋದ ಸಲ ಬಿಗಿದಾಗ ನಟ್ ಮತ್ತು ಬೋಲ್ಟಿನ ಮೇಲೆ ಸೇರಿಸಿ ಎಳೆದ ಬಿಳಿ ಬಣ್ಣದ ಗೆರೆ ಇದ್ದರೆ ಅದು ಮುರಿದಿದೆಯೇ ನೋಡಬೇಕು. ಗೆರೆ ಸರಿಯಾಗಿದ್ದೂ ಕೆಂಪು ಹುಡಿ ಇದ್ದರೆ ಮೇಲೆ ಹೇಳಿದ ಕಾಣದ ನಷ್ಟ ಆಗಿದೆ ಎಂದರ್ಥ. ಸಣ್ಣ ಸುತ್ತಿಗೆಯಿಂದ ಯೂ-ಬೋಲ್ಟಿನ ಕಾಲಿಗೆ ತಟ್ಟಿದಾಗ ಬಿಗಿಯಾದದ್ದು ಗಂಟೆಯಂತೆ ಟಣ್ ಎನ್ನುತ್ತದೆ, ಸೋತದ್ದು ಮಡಕೆಯಂತೆ ಬದ್ದಾಗಿ ಸದ್ದು ಮಾಡುತ್ತದೆ. ನಾಲ್ಕು ಕಾಲುಗಳಲ್ಲಿ ಒಂದರ ಸ್ವರ ಬೇರೆಯಾದರೂ ಸಾಕು, ಸಂಶಯಕ್ಕೆ ಆಧಾರ ಸಿಕ್ಕಿತು.

ಹ್ಯಾಂಗರ್ ಚಾಸಿಗೆ ಸೇರುವ ಬೆಸುಗೆಯ ಬಿರುಕು ಇನ್ನೂ ಗುಟ್ಟಿನದು. ಬಣ್ಣದ ಮೇಲೆ ಕಣ್ಣೀರಿನಂತೆ ಇಳಿದ ತುಕ್ಕಿನ ಒಂದು ಸಣ್ಣ ಗೆರೆಯೇ ಅದರ ಸುಳಿವು. ಖಚಿತಪಡಿಸಿಕೊಳ್ಳಲು ದುಬಾರಿ ದ್ರಾವಣ ಬೇಕಿಲ್ಲ: ಜಾಗವನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಸೀಮೆಎಣ್ಣೆ ಸವರಿ, ಹತ್ತು ನಿಮಿಷ ಬಿಟ್ಟು ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಹುಡಿ ತಿಕ್ಕಿದರೆ ಬಿರುಕಿನೊಳಗೆ ಹೊಕ್ಕ ಎಣ್ಣೆ ಮೆಲ್ಲಗೆ ಹೊರಬಂದು ಬಿಳಿಯ ಮೇಲೆ ಕಪ್ಪು ಎಳೆ ಬರೆಯುತ್ತದೆ. ಆಕ್ಸಲ್ ಜಾಗ ತಪ್ಪಿದೆಯೇ ಎಂಬುದಕ್ಕೆ ಒಂದು ಟೇಪು ಸಾಕು. ಟ್ರೈಲರಿನ ಮೂಗಿನ ಕೊಂಡಿಯ ನಡುವಿನಿಂದ ಎಡಗಾಲಿಯ ಹಬ್ಬಿಗೂ ಬಲಗಾಲಿಯ ಹಬ್ಬಿಗೂ ಅಳೆದು ನೋಡಿ. ಹೊಸತಿದ್ದಾಗ ಸಮನಾಗಿದ್ದ ಅಳತೆಗಳಲ್ಲಿ ಈಗ ಆರೇಳು ಮಿಲಿಮೀಟರ್ ವ್ಯತ್ಯಾಸ ಕಂಡರೆ ಒಂದು ಬದಿಯ ಆಕ್ಸಲ್ ಪಾಟಾದ ಮೇಲೆ ಜರುಗಿದೆ. ಸೆಂಟರ್ ಬೋಲ್ಟ್ ಭಾರ ಹೊರಲು ಇರುವುದಲ್ಲ. ಯೂ-ಬೋಲ್ಟ್ ಹಿಡಿತ ಬಿಟ್ಟಾಗ ಬ್ರೇಕು, ಹೊಂಡಗಳ ತಳ್ಳಾಟವೆಲ್ಲ ಆ ಬೆರಳುಗಾತ್ರದ ಬೋಲ್ಟಿನ ಮೇಲೆ ಬೀಳುತ್ತದೆ, ಅದು ಕತ್ತರಿಸಿಹೋಗುತ್ತದೆ, ಟ್ರೈಲರ್ ಏಡಿಯಂತೆ ಓರೆಯಾಗಿ ನಡೆಯತೊಡಗುತ್ತದೆ. ಒಂದೇ ಬದಿ ಸವೆದ ಟೈರು ಹಲವೊಮ್ಮೆ ಇದರ ಮೊದಲ ಸೂಚನೆ. ಟೈರು ಬದಲಿಸಿ ಸುಮ್ಮನಾಗುವುದು ದುಬಾರಿಯ ಅಜಾಗ್ರತೆ.

ಬುಶ್ ನೋಡಲು ಗಾಲಿ ನೆಲ ಬಿಡಬೇಕು. ದೋಣಿಯನ್ನು ಇಳಿಸಿಯೇ ಈ ಕೆಲಸಕ್ಕೆ ಕೈ ಹಾಕುವುದು ಸರಿ. ಆಗದಿದ್ದರೆ ದೋಣಿಯನ್ನು ಚಾಸಿಗೆ ಬಿಗಿದು ಕಟ್ಟಿ, ಎದುರು ಗಾಲಿಗೆ ಮುಂದೆ ಹಿಂದೆ ಕಲ್ಲು ಕೊಟ್ಟು, ಜಾಕನ್ನು ಆಕ್ಸಲ್ಲಿಗಲ್ಲ, ಚಾಸಿಗೆ ಕೊಡಬೇಕು. ಆಗಲೇ ಪಾಟಾದ ಮೇಲಿನ ಭಾರ ಇಳಿದು ಬುಶ್ಶಿನ ಸವೆತ ಬಯಲಾಗುತ್ತದೆ. ಮರಳಿನಲ್ಲಿ ಜಾಕ್ ನಿಲ್ಲಿಸುವ ಮಾತೇ ಬೇಡ. ಗಟ್ಟಿ ನೆಲ, ಅದರ ಮೇಲೆ ದಪ್ಪ ಹಲಗೆ, ಮತ್ತು ಜಾಕಿನ ಜೊತೆಗೆ ಸ್ಟ್ಯಾಂಡ್. ಬರೀ ಜಾಕಿನ ಮೇಲೆ ನಿಂತ ಟ್ರೈಲರಿನ ಕೆಳಗೆ ತಲೆ ಹಾಕಬಾರದು. ಸಣ್ಣ ಹಾರೆಯನ್ನು ಶೇಕಲ್ ಮತ್ತು ಪಾಟಾದ ಕಣ್ಣಿನ ನಡುವೆ ತೂರಿ ಮೇಲೆ ಕೆಳಗೆ ಮೀಟಿದಾಗ ಕಣ್ಣು ಬೋಲ್ಟಿನ ಮೇಲೆ ಎರಡು ಮೂರು ಮಿಲಿಮೀಟರ್ ಕುಣಿದರೆ ಬುಶ್ ಮುಗಿದಿದೆ. ಇದೇ ಹೊತ್ತಿನಲ್ಲಿ ಗಾಲಿಯ ತಲೆಗೂ ಬುಡಕ್ಕೂ ಕೈಕೊಟ್ಟು ಅಲ್ಲಾಡಿಸಬೇಕು. ಆ ಆಟ ಪಾಟಾದಲ್ಲಿಲ್ಲ, ಹಬ್ಬಿನ ಬೇರಿಂಗಿನಲ್ಲಿದೆ. ಇವೆರಡನ್ನೂ ಗೊಂದಲ ಮಾಡಿಕೊಂಡು ಬುಶ್ ಬದಲಿಸಿ ಬೇರಿಂಗ್ ಬಿಟ್ಟವರು ದಾರಿಯಲ್ಲಿ ಗಾಲಿ ಕಳೆದುಕೊಳ್ಳುತ್ತಾರೆ. ಹಬ್ಬಿನ ಮುಚ್ಚಳ ತೆಗೆದಾಗ ಗ್ರೀಸ್ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಒಳಹೊಕ್ಕಿದೆ. ಹೆದ್ದಾರಿಯಲ್ಲಿ ಓಡಿ ಬಿಸಿಯಾದ ಹಬ್ ಕೂಡಲೇ ನೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ಉಪ್ಪುನೀರನ್ನು ಹೀರುತ್ತದೆ. ದಡದಲ್ಲಿ ಅರ್ಧ ಗಂಟೆ ಕಾದರೆ ಈ ತೊಂದರೆಯ ದೊಡ್ಡ ಪಾಲು ತಪ್ಪುತ್ತದೆ.

ದುರಸ್ತಿಯಲ್ಲಿ ಯೂ-ಬೋಲ್ಟಿನ ಪ್ರಶ್ನೆಯೇ ಪ್ರಧಾನ, ಅಲ್ಲಿ ತಾಳ್ಮೆ ತೋರಿದವರಿಗೆ ಉಳಿದದ್ದು ಸುಲಭ. ಕೆಂಪು ಹುಡಿ ಕಂಡ ಕೂಟವನ್ನು ಇದ್ದಲ್ಲೇ ಬಿಗಿದರೆ ಆಗುವುದಿಷ್ಟು: ತುಕ್ಕಿನ ಮೆತ್ತೆಯ ಮೇಲೆ ಬೋಲ್ಟ್ ಹಿಗ್ಗುತ್ತದೆ, ಮುಂದಿನ ಹತ್ತು ಕಿಲೋಮೀಟರಿನಲ್ಲಿ ಮೆತ್ತೆ ಕೂರುತ್ತದೆ, ಕೂಟ ಮತ್ತೆ ಹಳೆಯ ಗತಿಗೆ. ಟಾರ್ಕ್ ಪಾನಾ ಬಳಸಿದೆವು, ಅಳತೆ ಸರಿಯಾಗಿಯೇ ಬಂತು ಎನ್ನುವ ವಾದವೂ ಇಲ್ಲಿ ನಿಲ್ಲದು. ನಟ್ಟಿಗೆ ಹಾಕಿದ ತಿರುಚು ಬಲದಲ್ಲಿ ಸುಮಾರು ಹತ್ತನೇ ಒಂದು ಪಾಲು ಮಾತ್ರ ಬೋಲ್ಟನ್ನು ಹಿಗ್ಗಿಸಲು ಸಿಗುತ್ತದೆ, ಉಳಿದದ್ದನ್ನೆಲ್ಲ ಎಳೆಗಳ ಮತ್ತು ನಟ್ಟಿನ ತಳದ ಘರ್ಷಣೆ ನುಂಗುತ್ತದೆ. ಎಳೆ ತುಕ್ಕು ಹಿಡಿದಿದ್ದರೆ ನುಂಗುವ ಪಾಲು ಇನ್ನೂ ಹೆಚ್ಚಿ ಆ ಹತ್ತನೇ ಒಂದೂ ಸಿಗದು. ಪಾನಾ ‘ಟಕ್’ ಎಂದದ್ದು ಘರ್ಷಣೆಯನ್ನು ಅಳೆದು, ಬಿಗಿತವನ್ನಲ್ಲ. ಎಳೆಗೆ ಧಾರಾಳವಾಗಿ ಗ್ರೀಸ್ ಬಳಿದು ಒಣ ಬೋಲ್ಟಿನ ಅಳತೆಯಲ್ಲೇ ಬಿಗಿದರೆ ಇದಕ್ಕೆ ಉಲ್ಟಾ ಆಗಿ ಬೋಲ್ಟ್ ಮಿತಿ ಮೀರಿ ಹಿಗ್ಗುತ್ತದೆ. ಆದ್ದರಿಂದ ಕೂಟವನ್ನು ಬಿಚ್ಚಲೇಬೇಕು. ಪಾಟಾ, ಪ್ಲೇಟ್, ಆಕ್ಸಲಿನ ಕೂರುಮುಖಗಳನ್ನು ಲೋಹ ಕಾಣುವವರೆಗೆ ಉಜ್ಜಿ, ತೆಳ್ಳಗೆ ಒಂದು ಪದರು ಪ್ರೈಮರ್ ಬಳಿದು ಪೂರ್ತಿ ಒಣಗಲು ಬಿಡಬೇಕು. ದಪ್ಪ ಬಣ್ಣ ಬಳಿದು ಕೂರಿಸಿದರೆ ತುಕ್ಕಿನ ಬದಲು ಬಣ್ಣವೇ ಕುಸಿಯುತ್ತದೆ. ಬಿಚ್ಚಿದ ಯೂ-ಬೋಲ್ಟ್ ಮತ್ತು ನಟ್ಟುಗಳನ್ನು ಮತ್ತೆ ಹಾಕಬಾರದು, ಒಮ್ಮೆ ಹಿಗ್ಗಿ ಸೋತ ಉಕ್ಕು ಎರಡನೇ ಸಲ ಅದೇ ಹಿಡಿತ ಕೊಡದು. ಗ್ಯಾಲ್ವನೈಸ್ ಮಾಡಿದ ಹೊಸತು ತಂದು, ನಾಲ್ಕು ನಟ್ಟುಗಳನ್ನು ಮೂಲೆಯಿಂದ ಎದುರು ಮೂಲೆಗೆ, ಮೂರು ಸುತ್ತಿನಲ್ಲಿ ಹಂತಹಂತವಾಗಿ ಬಿಗಿಯಬೇಕು. ಅರ್ಧ ಇಂಚಿನ ಯೂ-ಬೋಲ್ಟಿಗೆ ಟ್ರೈಲರ್ ಆಕ್ಸಲ್ ತಯಾರಕರು ಹೇಳುವ ಅಳತೆ ಸಾಮಾನ್ಯವಾಗಿ 60ರಿಂದ 95 ನ್ಯೂಟನ್-ಮೀಟರ್. ತನ್ನ ಆಕ್ಸಲಿನ ತಯಾರಕ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಪ್ರಮಾಣ.

ಗ್ಯಾರೇಜಿನಲ್ಲಿ ಇದಕ್ಕೆ ಬರುವ ಚುಟುಕು ಉತ್ತರ ವೆಲ್ಡಿಂಗ್: ಸಡಿಲಾಗುವುದೇ ಬೇಡ, ಪ್ಲೇಟನ್ನು ಪಾಟಾಕ್ಕೇ ಬೆಸೆದುಬಿಡೋಣ. ಪಾಟಾದ ಉಕ್ಕಿಗೆ ಅದರ ಕುಣಿತ ಬಂದದ್ದು ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಹದವಾಗಿ ಕಾಯಿಸಿದ್ದರಿಂದ. ಬೆಸುಗೆಯ ಬೆಂಕಿ ತಾಗಿದ ಕಡೆ ಆ ಹದ ಹೋಗಿ ಉಕ್ಕು ಗಾಜಿನಂತೆ ಪೆಡಸಾಗುತ್ತದೆ, ಅಲ್ಲಿಂದಲೇ ಬಿರುಕು ಹೊರಡುತ್ತದೆ. ಚಾಸಿಗೂ ಹ್ಯಾಂಗರಿಗೂ ಬೆಸುಗೆ ಸಲ್ಲುತ್ತದೆ, ಅದೂ ಬಿರುಕನ್ನು ಪೂರ್ತಿ ಕೊರೆದು ತೆಗೆದ ಮೇಲೆ. ಪಾಟಾಕ್ಕೆ ಎಂದೂ ಸಲ್ಲದು. ಎಲ್ಲವನ್ನೂ ಸ್ಟೇನ್‌ಲೆಸ್ ಸ್ಟೀಲಿಗೆ ಬದಲಿಸುವ ಸಲಹೆ ಇದಕ್ಕಿಂತ ಗೌರವದ ಆಕ್ಷೇಪ. ಸ್ಟೇನ್‌ಲೆಸ್ ಬೋಲ್ಟ್ ತಾನು ಉಳಿಯುತ್ತದೆ ನಿಜ, ಆದರೆ ಉಪ್ಪುನೀರಿನಲ್ಲಿ ನೆನೆದ ಎರಡು ಬೇರೆ ಲೋಹಗಳು ಬ್ಯಾಟರಿಯಂತೆ ವರ್ತಿಸುತ್ತವೆ. ಗೆಲ್ಲುವುದು ಸ್ಟೇನ್‌ಲೆಸ್, ಸವೆಯುವುದು ಅದನ್ನು ಹಿಡಿದಿರುವ ಹ್ಯಾಂಗರಿನ ಸತು ಮತ್ತು ಉಕ್ಕು. ಅಗ್ಗದ ಬೋಲ್ಟನ್ನು ಉಳಿಸಲು ಚಾಸಿಯನ್ನೇ ಕೊಟ್ಟಂತಾಗುತ್ತದೆ. ಜೊತೆಗೆ ಸ್ಟೇನ್‌ಲೆಸ್ ಎಳೆಗಳು ಬಿಗಿಯುವಾಗಲೇ ಒಂದಕ್ಕೊಂದು ಕಚ್ಚಿ ಹಿಡಿಯುವ ಸ್ವಭಾವದವು.

ಸುಟ್ಟ ಎಂಜಿನ್ ಆಯಿಲನ್ನು ಪಾಟಾಕ್ಕೆ ಎರಚುವುದು ಕರಾವಳಿಯುದ್ದಕ್ಕೂ ಇರುವ ಪದ್ಧತಿ. ಅದರಲ್ಲಿ ಹುರುಳಿಲ್ಲವೆನ್ನಲಾಗದು, ಎಣ್ಣೆಯ ಪದರು ನೀರನ್ನು ಕೆಲಕಾಲ ದೂರವಿಡುತ್ತದೆ. ಲಾರಿಗೆ ಇದು ನಡೆದೀತು. ದೋಣಿ ಟ್ರೈಲರ್ ಮಾರನೆಯ ದಿನ ನೀರಿಗಿಳಿದಾಗ ಆ ಎಣ್ಣೆ ಕಾಳಿ ಹೊಳೆಯ ಅಳಿವೆಯಲ್ಲಿ ಬಣ್ಣದ ಪೊರೆಯಾಗಿ ತೇಲುತ್ತದೆ, ಕಾಂಡ್ಲಾ ಬೇರುಗಳಿಗೂ ಜನ ಬಗೆದು ತರುವ ಬಳಚಿಗೂ ಅಂಟುತ್ತದೆ; ಉಳಿದ ಜಿಗುಟಿಗೆ ಮರಳು ಮೆತ್ತಿ ಪಟ್ಟಿಗಳ ನಡುವೆ ಅರಗಲ್ಲಿನ ಕೆಲಸ ಮಾಡುತ್ತದೆ. ಪ್ರತಿ ಸಲ ನೀರಿನಿಂದೆದ್ದ ಮೇಲೆ ಸಿಹಿನೀರಿನಿಂದ ಪಾಟಾದ ಎರಡೂ ಬದಿ, ಶೇಕಲ್, ಹಬ್ಬಿನ ಹಿಂಬದಿಯನ್ನು ನಿಧಾನವಾಗಿ ತೊಳೆಯುವುದು ಇದಕ್ಕಿಂತ ಅಗ್ಗ ಮತ್ತು ಮೇಲು. ಬೇಸಿಗೆಯ ಕೊನೆಗೆ ದಡದ ಬಾವಿಗಳ ನೀರೇ ಸವುಳಾಗುವ ಕಡೆ ತೊಳೆಯುವವರು ಮೊದಲು ಆ ನೀರನ್ನು ನಾಲಗೆಗೆ ಹಚ್ಚಿ ನೋಡುವುದು ಒಳ್ಳೆಯದು. ಪಾಟಾದ ಗೊಡವೆಯೇ ಬೇಡವೆಂದು ರಬ್ಬರ್ ಟಾರ್ಷನ್ ಆಕ್ಸಲ್ ಕೊಳ್ಳುವವರೂ ಇದ್ದಾರೆ. ಅದರಲ್ಲಿ ಶೇಕಲ್ ಇಲ್ಲ, ಬುಶ್ ಇಲ್ಲ, ಪಟ್ಟಿಗಳ ಸಂದಿಯಿಲ್ಲ. ಕೊಳವೆಯೊಳಗಿನ ರಬ್ಬರೇ ಸ್ಪ್ರಿಂಗ್. ಆದರೆ ಅದನ್ನು ಚಾಸಿಗೆ ಹಿಡಿದಿರುವ ಬೋಲ್ಟುಗಳು ಇದ್ದೇ ಇವೆ, ಮತ್ತು ಕೊಳವೆ ಒಳಗಿನಿಂದ ತುಕ್ಕು ಹಿಡಿದರೆ ಹೊರಗೆ ಸುಳಿವು ಸಿಗದು. ಪಾಟಾ ಮುರಿದರೆ ಅಂಕೋಲೆಯಂಥ ಊರಿನಲ್ಲಿ ಸಂಜೆಯೊಳಗೆ ಬದಲಿ ಹೊಂದಿಸಿಕೊಳ್ಳಬಹುದು. ಟಾರ್ಷನ್ ಆಕ್ಸಲ್ ಕೆಟ್ಟರೆ ಪೂರ್ತಿ ಆಕ್ಸಲನ್ನೇ ಹೊರಗಿನಿಂದ ತರಿಸಬೇಕು.

ಕರಾವಳಿಯ ಪಂಚಾಂಗಕ್ಕೆ ಹೊಂದಿಸಿದರೆ ತಪಾಸಣೆಯ ಹೊತ್ತು ತಾನಾಗಿ ನಿಗದಿಯಾಗುತ್ತದೆ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಿಷೇಧ. ಜಲಕ್ರೀಡೆಗಳೂ ಮಳೆಗಾಲದಲ್ಲಿ ನಿಲ್ಲುತ್ತವೆ. ಮಳೆ ಮುಗಿದು ಹೊರಡುವ ಮೊದಲು ನೋಡಿದರೆ ಸಾಲದೇ ಎಂಬುದು ಸಹಜ ಪ್ರಶ್ನೆ. ಸಾಲದು, ಏಕೆಂದರೆ ಉಪ್ಪನ್ನು ಒಳಗಿಟ್ಟುಕೊಂಡು ನಾಲ್ಕು ತಿಂಗಳು ಒದ್ದೆಯಾಗಿ ನಿಂತ ಕೂಟದಲ್ಲಿ ಸಪ್ಟೆಂಬರಿನಲ್ಲಿ ಕಾಣುವುದು ಆಗಿಹೋದ ನಷ್ಟ. ಮೇ ಕೊನೆಯಲ್ಲಿ, ಮೊದಲ ಮಳೆಗೆ ಮುಂಚೆ, ಬಿಚ್ಚಿ ಉಜ್ಜಿ ಹೊಸ ಯೂ-ಬೋಲ್ಟ್ ಹಾಕಿ, ಚಾಸಿಯನ್ನು ಇಟ್ಟಿಗೆಯ ಕಟ್ಟೆಯ ಮೇಲೆ ಏರಿಸಿ ಪಾಟಾದ ಭಾರ ಇಳಿಸಿ ನಿಲ್ಲಿಸಿದರೆ ಮಳೆಗಾಲ ಅದಕ್ಕೆ ಹೆಚ್ಚೇನೂ ಮಾಡದು.

ರಕ್ಷಣಾ ದೋಣಿಗಳ ಟ್ರೈಲರುಗಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ, ಅವುಗಳಿಗೆ ಮಳೆಗಾಲದ ಬಿಡುವೇ ಇಲ್ಲ. ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೂ ಗಂಗಾವಳಿಯ ಒಂದು ಭಾಗವೂ ಮಣ್ಣಿನಡಿ ಆದದ್ದು 2024ರ ಜುಲೈ 16ರಂದು. ಕಾರವಾರ ಮತ್ತು ಸದಾಶಿವಗಡದ ನಡುವಿನ ಕಾಳಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ಹೊಳೆಗೆ ಬಿದ್ದದ್ದು ಅದೇ ವರ್ಷದ ಆಗಸ್ಟ್ 7ರ ನಡುರಾತ್ರಿ. ಎರಡೂ ನಡೆದದ್ದು ಸಮುದ್ರ ಅತ್ಯಂತ ಕೆರಳಿರುವ ತಿಂಗಳುಗಳಲ್ಲಿ. ಅಳಿವೆಯ ಬಾಯಲ್ಲಿ ಅಲೆ ಏಳುವ ಆ ದಿನಗಳಲ್ಲಿ ಒಂದು ಹೊಳೆಯಿಂದ ಇನ್ನೊಂದಕ್ಕೆ ಸಣ್ಣ ದೋಣಿಯನ್ನು ಸಮುದ್ರದ ಮೇಲಿಂದ ಒಯ್ಯಲಾಗದು, ರಸ್ತೆಯೊಂದೇ ದಾರಿ. ಕಾರವಾರದಿಂದ ಶಿರೂರಿಗೆ ಸುಮಾರು ಐವತ್ತು ಕಿಲೋಮೀಟರ್. ಮೇ ತಿಂಗಳಲ್ಲಿ ಹೊಸದಾಗಿ ಬಿಗಿದು ಅಲ್ಲಿಯವರೆಗೆ ನಿಂತೇ ಇದ್ದ ಟ್ರೈಲರ್ ಅಷ್ಟು ದೂರ ಓಡುವಾಗ ಅದರ ಕೂಟಗಳು ಇನ್ನೂ ಪೂರ್ತಿ ಕೂತಿರುವುದಿಲ್ಲ. ಆದ್ದರಿಂದ ಮೇ ತಿಂಗಳ ದುರಸ್ತಿಯಾದ ವಾರದಲ್ಲೇ, ದೋಣಿಯ ಭಾರ ಹೊರಿಸಿ ಅಂಕೋಲೆಗೆ ಒಂದೂವರೆ ಸಲ ಹೋಗಿಬಂದಷ್ಟು ದೂರ, ನೀರಿಗಿಳಿಸದೆ, ಟ್ರೈಲರನ್ನು ಓಡಿಸಿ ತರಬೇಕು. ತಂದ ಸಂಜೆ ಯೂ-ಬೋಲ್ಟಿನ ಎಂಟು ನಟ್ಟುಗಳಿಗೂ ಮತ್ತೊಮ್ಮೆ ಪಾನಾ ಹಾಕಿ, ಬಿಳಿ ಗೆರೆಯನ್ನು ಆಗ ಎಳೆಯಬೇಕು.